ವಿಚ್ಛೇದನದ ರಾಜಿ ಪತ್ರಕ್ಕೆ ಸಹಿ ಹಾಕುವ ಮುನ್ನ ರೇಷನ್ ಕಾರ್ಡ್ ತೆಗೆದು ನೋಡಿ

ಹಾಸನವಿರಲಿ, ಚಿಕ್ಕಮಗಳೂರಿರಲಿ, ವಿಚ್ಛೇದನಕ್ಕೆಂದು ಕೋರ್ಟಿಗೆ ಬಂದ ಹೆಣ್ಣುಮಕ್ಕಳು ವಕೀಲರನ್ನು ಮೊದಲು ಕೇಳುವುದು ಒಂದೇ ಮಾತು: ಜೀವನಾಂಶ ಎಷ್ಟು ಸಿಗುತ್ತೆ? ಇನ್ನೊಂದು ಪ್ರಶ್ನೆ ಹುಟ್ಟುವುದು ಆಮೇಲೆ, ತಾಲ್ಲೂಕು ಕಚೇರಿಯ ಕಿಟಕಿ ಮುಂದೆ. ಈ ಹಣ ಬಂದರೆ ಬಿಪಿಎಲ್ ಕಾರ್ಡ್ ಹೋಗುತ್ತಾ? ಗೃಹಲಕ್ಷ್ಮಿ ನಿಲ್ಲುತ್ತಾ? ಮಗಳ ಸ್ಕಾಲರ್‌ಶಿಪ್ ಗತಿ ಏನು? ಅಷ್ಟು ಹೊತ್ತಿಗೆ ರಾಜಿ ಪತ್ರಕ್ಕೆ ಸಹಿ ಬಿದ್ದಿರುತ್ತದೆ. ಬದಲಾಯಿಸುವುದು ಕಷ್ಟ.

ಈ ಎರಡನೇ ಪ್ರಶ್ನೆಯನ್ನೂ ಮೊದಲೇ ಕೇಳಿಕೊಳ್ಳಬೇಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು: ಯಾವುದಕ್ಕೆ ಏನು ಮಿತಿ

ಎಲ್ಲ ಸವಲತ್ತಿಗೂ ಒಂದೇ ಅಳತೆ ಇಲ್ಲ. ಹೆಚ್ಚಿನವರು ಗಾಬರಿಯಾಗುವುದು ಇದು ಗೊತ್ತಿಲ್ಲದೆ.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಗೆ ಬಿಪಿಎಲ್ ಆಗಿರಲೇಬೇಕು ಅಂತಿಲ್ಲ. ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರು ಕಾರ್ಡಿಗೂ ಉಂಟು. ಕಾರ್ಡಿನಲ್ಲಿ ಮನೆ ಯಜಮಾನಿ ಎಂದು ನಿಮ್ಮ ಹೆಸರಿರಬೇಕು. ನೀವಾಗಲಿ ನಿಮ್ಮ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರು ಆಗಿರಬಾರದು. ಕೋರ್ಟಿನಿಂದ ವಿಚ್ಛೇದನದ ಡಿಕ್ರಿ ಆದ ಮೇಲೆ ಅವರು ನಿಮ್ಮ ಗಂಡನಲ್ಲ, ಅಲ್ವಾ? ಅವರು ತೆರಿಗೆ ಕಟ್ಟುತ್ತಾರೆ ಎಂಬ ಕಾರಣಕ್ಕೆ ನಿಮ್ಮ ಅರ್ಜಿ ನಿಂತಿದ್ದರೆ ಡಿಕ್ರಿಯ ದೃಢೀಕೃತ ಪ್ರತಿ ಹಿಡಿದು ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ, ಲಿಖಿತವಾಗಿ ಕೇಳಿ.

ಬಿಪಿಎಲ್ ಕಾರ್ಡಿನ ಮಾತು ಬೇರೆ. ಕುಟುಂಬದ ವರ್ಷದ ಆದಾಯ 1.20 ಲಕ್ಷ ಮೀರಬಾರದು. ದುಡಿಮೆಗೆ ಬಳಸುವ ಗಾಡಿ ಬಿಟ್ಟು ಸ್ವಂತ ಕಾರು ಇರಬಾರದು. ಪಟ್ಟಣದಲ್ಲಿ 1,000 ಚದರಡಿಗಿಂತ ದೊಡ್ಡ ಪಕ್ಕಾ ಮನೆ ಇರಬಾರದು. ಜಮೀನು 3 ಹೆಕ್ಟೇರ್ ಒಣ ಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಭೂಮಿಯನ್ನು ಮೀರಬಾರದು.

ಮನಸ್ವಿನಿ ಯೋಜನೆ ಮದುವೆಯಾಗದ ಮತ್ತು ವಿಚ್ಛೇದನ ಪಡೆದ ಬಡ ಹೆಣ್ಣುಮಕ್ಕಳಿಗೆಂದೇ ಇರುವುದು. ವಯಸ್ಸು 40ರಿಂದ 64. ತಿಂಗಳಿಗೆ 800 ರೂಪಾಯಿ. ಆದಾಯದ ಮಿತಿ ಇಲ್ಲಿ ತುಂಬಾ ಕಡಿಮೆ, ವರ್ಷಕ್ಕೆ 32,000. ಸ್ವಲ್ಪ ಜೀವನಾಂಶ ಬಂದರೂ ದಾಟಿಬಿಡುತ್ತದೆ.

ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಖರ್ಚಿನ ಶೇಕಡಾ 30 ಮಾತ್ರ, ಅದೂ 1.5 ಲಕ್ಷದವರೆಗೆ. ಬಿಪಿಎಲ್ ಕಾರ್ಡ್ ಹೋದಾಗ ನಿಜವಾಗಿ ನೋಯುವುದು ಇದೇ. ಅಕ್ಕಿ ಹೋಗಿದ್ದಕ್ಕಿಂತ ಇದು ಜಾಸ್ತಿ ತಟ್ಟುತ್ತದೆ.

ಎರಡನೆಯದು: ಕಾರ್ಡ್ ಬೇರೆಯಾಗಲಿ

ತವರಿಗೆ ಬಂದು ಎಷ್ಟೋ ಕಾಲವಾದರೂ ಹೆಸರು ಮಾತ್ರ ಅತ್ತೆ ಮನೆಯ ಕಾರ್ಡಿನಲ್ಲೇ ಉಳಿದಿರುತ್ತದೆ. ಅಲ್ಲಿ ಯಜಮಾನಿ ಅತ್ತೆ. ಗೃಹಲಕ್ಷ್ಮಿ ಅವರಿಗೆ ಹೋಗುತ್ತದೆ, ನಿಮ್ಮ ಪಾಲಿನ ಅಕ್ಕಿಯೂ ಅಲ್ಲೇ. ಒಂದು ಆಧಾರ್ ಒಂದೇ ಕಾರ್ಡಿಗೆ ಸೇರುವುದರಿಂದ ಅಲ್ಲಿಂದ ಹೆಸರು ತೆಗೆಸದೆ ಇಲ್ಲಿ ಸೇರಿಸಲು ಆಗುವುದಿಲ್ಲ. ಅವರು ತೆಗೆಸಿಕೊಡುತ್ತಾರೆ ಅಂತ ಸುಮ್ನೆ ಕಾಯಬೇಡಿ. ತಾಲ್ಲೂಕಿನ ಆಹಾರ ಇಲಾಖೆಗೆ ನೀವೇ ಅರ್ಜಿ ಕೊಡಿ. ಜೊತೆಗೆ ಕೋರ್ಟ್ ಆದೇಶದ ಪ್ರತಿ, ಆಧಾರ್, ಮಕ್ಕಳು ನಿಮ್ಮ ಹತ್ತಿರ ಇದ್ದಾರೆ ಎನ್ನುವುದಕ್ಕೆ ಶಾಲೆಯ ದಾಖಲೆ ಇಡಿ. ಸ್ವೀಕೃತಿ ಪಡೆಯದೆ ಬರಬೇಡಿ.

ತೆಗೆಸಿದ ಮೇಲೆ ಹೆಚ್ಚಿನವರು ಅಮ್ಮನ ಕಾರ್ಡಿಗೆ ಸೇರಿಕೊಳ್ಳುತ್ತಾರೆ. ಅದು ಸುಲಭ. ಆದರೆ ಆಗ ಅಣ್ಣನ ಕಾರು, ಅಪ್ಪನ ಜಮೀನು, ಎಲ್ಲರ ದುಡಿಮೆ ಸೇರಿ ಒಂದೇ ಮನೆಯ ಲೆಕ್ಕವಾಗುತ್ತದೆ. ನಿಮ್ಮ ಜೀವನಾಂಶವೂ ಆ ಲೆಕ್ಕಕ್ಕೆ ಸೇರಿ ಅಮ್ಮನ ಬಿಪಿಎಲ್ ಕಾರ್ಡಿಗೇ ಕುತ್ತು ಬರಬಹುದು. ಗೃಹಲಕ್ಷ್ಮಿಯೂ ಒಂದು ಕಾರ್ಡಿಗೆ ಒಬ್ಬರಿಗೇ, ಅಂದರೆ ಅಮ್ಮನಿಗೆ. ಬೇರೆ ಮನೆ, ಬೇರೆ ಒಲೆ ಮಾಡಿಕೊಂಡಿದ್ದರೆ ನಿಮ್ಮದೇ ಕಾರ್ಡಿಗೆ ಅರ್ಜಿ ಹಾಕುವುದು ಒಳ್ಳೆಯದು. ಹೊಸ ಕಾರ್ಡಿನ ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ. ಗ್ರಾಮ ಒನ್‌ನಲ್ಲಿ ಆಗಾಗ ವಿಚಾರಿಸುತ್ತಿರಿ. ಆಧಾರ್ ವಿಳಾಸ ಅಷ್ಟರಲ್ಲಿ ಬದಲಾಗಿರಲಿ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಹಳ್ಳಿಗಳ ಕಡೆ ಊರ ಹಿರಿಯರು ಕೂತು ಛಾಪಾ ಕಾಗದದ ಮೇಲೆ ಬರೆಸಿ ಗಂಡ ಹೆಂಡತಿಯನ್ನು ಬಿಡಿಸುವುದು ಇನ್ನೂ ಇದೆ. ಆ ಕಾಗದ ನಂಬಿಕೊಂಡು ಮನಸ್ವಿನಿಗೆ ಅರ್ಜಿ ಹಾಕಿದರೆ ಕಚೇರಿಯಲ್ಲಿ ಕೇಳುವುದು ಕೋರ್ಟಿನ ಡಿಕ್ರಿ. ಇನ್ನೂ ನೋವಿನ ಸಂಗತಿ ಎಂದರೆ ಅಂಥ ಕಾಗದದಲ್ಲಿ "ಮಗುವಿಗೆ ಮುಂದೆ ಏನೂ ಕೇಳುವುದಿಲ್ಲ" ಎಂದು ತಾಯಿಯ ಕೈಲಿ ಬರೆಸಿಕೊಂಡಿರುತ್ತಾರೆ. ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ. ಹಾಗೆ ಬರೆದುಕೊಟ್ಟವರೂ ಮಗುವಿನ ಪರವಾಗಿ ಅರ್ಜಿ ಹಾಕಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿ ಇದಕ್ಕೆ ದಾರಿಯಿದೆ. ಹಳಬರು 125 (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಮು) ಅಂತ ಕರೆಯುತ್ತಿದ್ದದ್ದು ಇದನ್ನೇ. ಯಾವ ಧರ್ಮದವರಾದರೂ ಹಾಕಬಹುದು. ಮುಸ್ಲಿಂ ಹೆಣ್ಣುಮಕ್ಕಳಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದೆ.

ಮೂರನೆಯದು: ಕೋರ್ಟಿಗೂ ಕಚೇರಿಗೂ ಒಂದೇ ಲೆಕ್ಕ

ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. 2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾಡಿದ ನಿಯಮ ಇದು. ಅತ್ತ ನಾಡಕಚೇರಿಯಲ್ಲೂ ಆದಾಯ ಪ್ರಮಾಣ ಪತ್ರಕ್ಕಾಗಿ ನೀವೊಂದು ಲೆಕ್ಕ ಕೊಟ್ಟಿರುತ್ತೀರಿ. ಈ ಎರಡು ಕಾಗದ ಎಂದಾದರೊಂದು ದಿನ ಒಂದೇ ಮೇಜಿನ ಮೇಲೆ ಬರುತ್ತವೆ.

ನಾಡಕಚೇರಿಯಲ್ಲಿ ಆದಾಯ ವರ್ಷಕ್ಕೆ 20,000 ಎಂದು ಬರೆಸಿ, ಕೋರ್ಟಿನಲ್ಲಿ ಹೊಲಿಗೆಯಿಂದ ತಿಂಗಳಿಗೆ 6,000 ಬರುತ್ತದೆ ಎಂದರೆ ಎದುರಿನ ವಕೀಲರು ಬಿಡುತ್ತಾರೆಯೇ? ನಿಮ್ಮ ಮಾತು ಪೂರ್ತಿ ನಂಬುವಂಥದ್ದಲ್ಲ ಎಂದು ವಾದಿಸುತ್ತಾರೆ. ಇದೇ ಕತ್ತಿ ಆ ಕಡೆಗೂ ಹರಿಯುತ್ತದೆ. ಸಕಲೇಶಪುರದ ಕಡೆ ತೋಟ, ಮನೆ ಮುಂದೆ ಕಾರು ಇಟ್ಟುಕೊಂಡು, ಬಿಪಿಎಲ್ ಕಾರ್ಡ್ ತೋರಿಸಿ "ನನಗೆ ಆದಾಯವೇ ಇಲ್ಲ" ಎನ್ನುವವರಿದ್ದಾರೆ. ಪಹಣಿ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ತೆಗೆದು ನಿಮ್ಮ ವಕೀಲರಿಗೆ ಕೊಡಿ.

ಆದಾಯ ಪ್ರಮಾಣ ಪತ್ರಕ್ಕೆ 5 ವರ್ಷ ಬೆಲೆ ಇರುತ್ತದೆ. ಆದ್ದರಿಂದ ಗಂಡನ ಮನೆಯಲ್ಲಿದ್ದಾಗ ಮಾಡಿಸಿದ್ದನ್ನೇ ಮಕ್ಕಳ ಸ್ಕಾಲರ್‌ಶಿಪ್‌ಗೆ ಹಾಕುವವರು ಬಹಳ. ಅದರಲ್ಲಿರುವುದು ಅವರ ಆದಾಯ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪೋಷಕರ ಆದಾಯದ ಮಿತಿ 2.5 ಲಕ್ಷ. ತಂದೆಗೆ ಸಂಬಳ ಚೆನ್ನಾಗಿದ್ದರೆ ಹಳೆಯ ಪತ್ರ ಮಗುವಿಗೇ ಅಡ್ಡವಾಗುತ್ತದೆ. ಮಗು ನಿಮ್ಮ ವಶದಲ್ಲಿದೆ ಎಂಬ ಕೋರ್ಟ್ ಆದೇಶ ಕೊಟ್ಟು, ನಿಮ್ಮ ಹೆಸರಿನಲ್ಲಿ ಹೊಸ ಪತ್ರ ಕೇಳಿ. ಪರಿಶೀಲನೆಗೆ ಬರುವ ಗ್ರಾಮ ಆಡಳಿತ ಅಧಿಕಾರಿಗೆ ತಿಂಗಳ ಜೀವನಾಂಶ ಎಷ್ಟು ಅಂತ ನೀವೇ ಹೇಳಿಬಿಡಿ. ಮುಚ್ಚಿಟ್ಟರೆ ಮುಂದೆ ವಸೂಲಿ ನೋಟಿಸ್ ಬಂದೀತೆಂಬ ಭಯ ತಪ್ಪುವುದಿಲ್ಲ.

ನಾಲ್ಕನೆಯದು: ರಾಜಿ ಪತ್ರದಲ್ಲಿ ಬಿಡಿಸಿ ಬರೆಯಿಸಿ

ಬೇಲೂರಿನಲ್ಲಿ ಹೊಲಿಗೆ ಮಾಡುವ ಒಬ್ಬ ತಾಯಿ, ಒಬ್ಬಳು ಮಗಳು ಎಂದಿಟ್ಟುಕೊಳ್ಳಿ. ಹೊಲಿಗೆಯಿಂದ ತಿಂಗಳಿಗೆ 6,000, ವರ್ಷಕ್ಕೆ 72,000. ಕೋರ್ಟ್ ಆಕೆಗೆ 3,000, ಮಗಳಿಗೆ 2,000 ಕೊಡಿಸಿತು. ವರ್ಷಕ್ಕೆ 60,000 ಸೇರಿತು. ಒಟ್ಟು 1,32,000. ಬಿಪಿಎಲ್ ಮಿತಿಗಿಂತ 12,000 ಜಾಸ್ತಿ.

ಈ ಲೆಕ್ಕ ನೋಡಿದ ಕೂಡಲೇ ಯಾರಾದರೊಬ್ಬರು "ಕಾರ್ಡ್ ಹೋಗುತ್ತೆ, ಜೀವನಾಂಶ ಕಡಿಮೆ ಮಾಡಿಕೊಳ್ಳಮ್ಮ" ಎನ್ನುತ್ತಾರೆ. ದಯವಿಟ್ಟು ಕೇಳಬೇಡಿ. ಕಾರ್ಡ್ ಎಪಿಎಲ್ ಆದರೂ ಗೃಹಲಕ್ಷ್ಮಿ ಉಳಿಯುತ್ತದೆ. ಹೋಗುವುದು ಅಕ್ಕಿ. ತಲೆಗೆ 10 ಕೆಜಿ ಎಂದು ಹಿಡಿದು, ಕೆಜಿಗೆ 50 ರೂಪಾಯಿ ಕಟ್ಟಿದರೂ ಇಬ್ಬರಿಗೆ ವರ್ಷಕ್ಕೆ 12,000. ಬರುವುದು 60,000. ಜೊತೆಗೆ ಹೋಗುವ ಆಸ್ಪತ್ರೆಯ ಸವಲತ್ತಿಗೆ ರಾಜಿ ಪತ್ರದಲ್ಲೇ ಉತ್ತರ ಬರೆಯಿಸಬಹುದು: ಮಗಳ ಆಸ್ಪತ್ರೆ ಖರ್ಚು ತಂದೆಯದು, ಅಥವಾ ತಂದೆಯ ಆರೋಗ್ಯ ವಿಮೆಯಲ್ಲಿ ಮಗಳ ಹೆಸರು ಮುಂದುವರಿಯಬೇಕು. ಈ ಒಂದು ಸಾಲು ಬರೆಯಿಸದೆ ಏಳಬೇಡಿ.

ತಾಯಿಗೆಷ್ಟು, ಮಗುವಿಗೆಷ್ಟು ಎಂದು ಬೇರೆ ಬೇರೆ ಬರೆಯಿಸಿ. "ಒಟ್ಟು 5,000" ಎಂದಷ್ಟೇ ಇದ್ದರೆ ನೀವು ಮರುಮದುವೆಯಾದ ದಿನ ಮಗುವಿನ ಹಣಕ್ಕೂ ತಕರಾರು ಬರುತ್ತದೆ. ಇಂಗ್ಲೆಂಡಿನಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವಿನಲ್ಲಿ ಮಗುವಿಗೆಂದು ಬರುವ ಹಣವನ್ನು ತಾಯಿಯ ಆದಾಯಕ್ಕೆ ಸೇರಿಸುವುದೇ ಇಲ್ಲ. ಹೆಂಡತಿಗೆಂದು ಬಂದದ್ದನ್ನು ಮಾತ್ರ ಹಿಡಿಯುತ್ತಾರೆ. ನಮ್ಮಲ್ಲಿ ಬಿಪಿಎಲ್ ನೋಡುವಾಗ ಇಡೀ ಮನೆಯ ಆದಾಯ ಒಂದೇ ಗಂಟು. ಮಗುವಿನ ಹಣವನ್ನು ನಮ್ಮ ಸರ್ಕಾರವೂ ಬೇರೆ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಮಗುವಿನ ಹಾಲು, ಪುಸ್ತಕದ ದುಡ್ಡು.

ಇಡಿಗಂಟು ತಗೊಳ್ಳುವುದಾದರೆ ಲೆಕ್ಕ ಬೇರೆಯಾಗುತ್ತದೆ. ಆದಾಯ ತೆರಿಗೆಯಲ್ಲಿ ಹೆಂಡತಿಗೆ ಒಂದೇ ಸಲ ಬರುವ ಜೀವನಾಂಶವನ್ನು ಆದಾಯ ಎಂದು ಹಿಡಿಯುವುದಿಲ್ಲ, ತಿಂಗಳು ತಿಂಗಳು ಬರುವುದನ್ನು ಹಿಡಿಯುತ್ತಾರೆ. ಆದರೆ ಇಡಿಗಂಟು ಬ್ಯಾಂಕಿನಲ್ಲಿಟ್ಟರೆ ಅದರ ಬಡ್ಡಿ ಆದಾಯವೇ. 5 ಲಕ್ಷವನ್ನು ಶೇಕಡಾ 7ಕ್ಕೆ ಎಫ್‌ಡಿ ಮಾಡಿದರೆ ವರ್ಷಕ್ಕೆ 35,000. ಬೇಲೂರಿನ ಆ ತಾಯಿ ತಿಂಗಳ ಹಣದ ಬದಲು ಇದನ್ನು ತೆಗೆದುಕೊಂಡಿದ್ದರೆ ಒಟ್ಟು 1,07,000 ಆಗಿ ಬಿಪಿಎಲ್ ಉಳಿಯುತ್ತಿತ್ತು. ದುಡಿಮೆಯೇ ಇಲ್ಲದ 45ರ ಹೆಂಗಸಿಗಾದರೆ ಅದೇ ಬಡ್ಡಿ ಮನಸ್ವಿನಿಯ ಮಿತಿ ದಾಟಿಸುತ್ತದೆ. ಹೀಗೆಂದು ಇಡಿಗಂಟೇ ಮೇಲು ಎನ್ನುತ್ತಿಲ್ಲ. ವರ್ಷಕ್ಕೆ 60,000ದಂತೆ 9 ವರ್ಷ ಬಂದರೆ 5.4 ಲಕ್ಷ. ಮಗು ಚಿಕ್ಕದಿದ್ದರೆ ತಿಂಗಳ ಹಣವೇ ಜಾಸ್ತಿಯಾಗುತ್ತದೆ. ಆ ಕಡೆಯವರು ತಿಂಗಳು ತಿಂಗಳು ಕೊಡುವ ಪೈಕಿಯೋ ಅಲ್ಲವೋ ಎನ್ನುವುದು ನಿಮಗೇ ಗೊತ್ತು.

ಮಲೆನಾಡಿನ ಕಡೆ ಹಣದ ಬದಲು ಒಂದೆಕರೆ ಕಾಫಿ ತೋಟ ಬರೆದುಕೊಡುತ್ತೇವೆ ಎನ್ನುವುದುಂಟು. ತಗೊಳ್ಳಿ, ಆದರೆ ನೋಂದಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಆಗಿ ಪಹಣಿಯಲ್ಲಿ ನಿಮ್ಮ ಹೆಸರು ಬರುವವರೆಗೆ ಕೇಸು ಮುಗಿಸಬೇಡಿ. ಒಂದೆಕರೆಯಿಂದ ಜಮೀನಿನ ಮಿತಿ ದಾಟುವುದಿಲ್ಲ, ಕಾಫಿಯ ಆದಾಯ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪಿಎಂ ಕಿಸಾನ್‌ನ ವರ್ಷದ 6,000 ಸಿಗುತ್ತದೆ ಎಂದು ನಂಬಬೇಡಿ. 2019ರ ಫೆಬ್ರುವರಿ 1ರ ನಂತರ ಉತ್ತರಾಧಿಕಾರವಲ್ಲದೆ ಬೇರೆ ದಾರಿಯಲ್ಲಿ ಜಮೀನು ಪಡೆದವರಿಗೆ ಅದು ಇಲ್ಲ.

ಇಷ್ಟನ್ನೂ ಬರೆಯಲು ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಕೊಡುವ ತಂದೆಗೂ ಒಂದು ಮಾತು. ಕೊಟ್ಟ ಜೀವನಾಂಶಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ಮಗುವಿನ ಹೆಸರು ತಾಯಿಯ ಕಾರ್ಡಿಗೆ ಹೋಗುವುದನ್ನು ತಡೆದು ನಿಮಗೆ ಸಿಗುವುದು ಅಷ್ಟು ಅಕ್ಕಿ ಮಾತ್ರ. ಮಗು ಊಟ ಮಾಡುವುದು ಆ ಮನೆಯಲ್ಲಿ.

ಕೊನೆಯದು: ಹಣ ಬಂದ ಮೇಲೆ

ಜೀವನಾಂಶಕ್ಕೆ ಬೇರೆಯೇ ಉಳಿತಾಯ ಖಾತೆ ಇರಲಿ. ಗೃಹಲಕ್ಷ್ಮಿ ಬರುವ ಆಧಾರ್ ಜೋಡಣೆಯ ಖಾತೆಗೆ ಬೆರೆಸಬೇಡಿ. ಕೈಗೆ ಕೊಡುತ್ತೇನೆ ಎಂದರೆ ಬೇಡ ಎನ್ನಿ. ಎಷ್ಟು ಬಂತು, ಯಾವ ತಿಂಗಳು ಬರಲಿಲ್ಲ ಎನ್ನುವುದಕ್ಕೆ ಪಾಸ್‌ಬುಕ್ಕೇ ಸಾಕ್ಷಿ.

ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕವಾಗುವುದರಿಂದ ಬಾಕಿ ಒಂದೇ ಸಲ ಬಂದು ಬೀಳಬಹುದು. ಒಂದೂವರೆ ವರ್ಷದ ಬಾಕಿ 90,000 ಒಂದೇ ದಿನ ಖಾತೆಗೆ ಬಿದ್ದರೆ ಆ ವರ್ಷದ ಆದಾಯ ದೊಡ್ಡದಾಗಿ ಕಾಣುತ್ತದೆ. ಯಾವ ತಿಂಗಳದು ಎಷ್ಟು ಎಂದಿರುವ ಆದೇಶದ ಪ್ರತಿಯನ್ನು ಪಾಸ್‌ಬುಕ್ ಜೊತೆಗೇ ಇಟ್ಟುಕೊಳ್ಳಿ.

ಆದೇಶವಿದ್ದೂ ಹಣ ಬರದಿದ್ದರೆ ಎರಡು ಕಡೆ ನಷ್ಟ: ಕೈಯಲ್ಲಿ ಕಾಸಿಲ್ಲ, ಕಾಗದದ ಮೇಲೆ ಆದಾಯವಿದೆ. ಪಾಸ್‌ಬುಕ್ ತೋರಿಸಿ ಬಂದಿಲ್ಲ ಎಂದು ಕಚೇರಿಗೆ ಬರೆದುಕೊಡಿ. ವಸೂಲಿಗೆ ಕೋರ್ಟಿನಲ್ಲಿ ಅರ್ಜಿ ಹಾಕಿ. 144ನೇ ಕಲಮಿನಲ್ಲಿ, ಹಣ ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಬಾಕಿಗೆ ವಾರಂಟ್ ಹೊರಡಿಸಲು ಬರುವುದಿಲ್ಲ. ಇವತ್ತು ಕೊಡುತ್ತಾರೆ, ನಾಳೆ ಕೊಡುತ್ತಾರೆ ಎಂದು ಕಾದು ಈ ಗಡುವು ಕಳೆದುಕೊಂಡವರು ಕಡಿಮೆಯೇನಿಲ್ಲ.

ಮಗುವಿಗೆ 18 ತುಂಬಿದಾಗ ಅಥವಾ ಜೀವನಾಂಶ ನಿಂತಾಗ ಮನೆಯ ಆದಾಯ ಇಳಿಯುತ್ತದೆ. ಆಗ ಹೊಸ ಆದಾಯ ಪ್ರಮಾಣ ಪತ್ರ ಮಾಡಿಸಿ, ಬಿಪಿಎಲ್‌ಗೆ ಮತ್ತೆ ಅರ್ಜಿ ಹಾಕಿ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ, ತನ್ನನ್ನು ತಾನು ಸಾಕಿಕೊಳ್ಳಲಾಗದ ಮದುವೆಯಾಗದ ಮಗಳಿಗೆ 18ರ ನಂತರವೂ ತಂದೆಯಿಂದ ಕೇಳುವ ಹಕ್ಕಿದೆ. ಡಿಗ್ರಿ ಓದುತ್ತಿರುವ ಮಗಳಿದ್ದರೆ ವಕೀಲರನ್ನು ಅದನ್ನೂ ಕೇಳಿ.