ದವಾಖಾನೆ ಸೆಕ್ಯುರಿಟಿ ಕೆಲಸ: ಬೆಳಗಾವಿಯಲ್ಲಿ ಹೊಸದಾಗಿ ಸೇರುವವರಿಗೆ

ಬೆಳಗಾವಿಯ ದೊಡ್ಡ ದವಾಖಾನೆಗಳ ಸೆಕ್ಯುರಿಟಿ ಕೆಲಸಕ್ಕೆ ಹೆಚ್ಚಾಗಿ ಎರಡು ತರದ ಮಂದಿ ಬರುತ್ತಾರೆ. ಒಂದು, ಮಿಲಿಟರಿಯಿಂದ ರಿಟೈರ್ ಆದವರು. ಮರಾಠಾ ರೆಜಿಮೆಂಟಿನ ಸೆಂಟರ್ ಇರುವ ಊರಲ್ಲಿ ಅವರಿಗೇನು ಬರ? ಇನ್ನೊಂದು, ಖಾನಾಪುರ, ಹುಕ್ಕೇರಿ, ಬೈಲಹೊಂಗಲ ಕಡೆಯ ಹುಡುಗರು, ಬೇರೆ ಏನಾದರೂ ಸಿಗುವವರೆಗೆ ಇದನ್ನೇ ಮಾಡೋಣ ಅಂತ ಬಂದವರು. ಆರ್ಡರ್ ಮಾಡಿ ರೂಢಿ ಇದ್ದವರಿಗೂ ಕಷ್ಟ, ಯಾರಿಗೂ ಏನೂ ಹೇಳದೆ ಸುಮ್ನೆ ನಿಲ್ಲುವವರಿಗೂ ಕಷ್ಟ. ಯಾಕಂದರೆ ಬಾಣಂತಿ ವಾರ್ಡ್ ಒಂದನ್ನು ಬಿಟ್ಟರೆ ಇಲ್ಲಿಗೆ ಯಾರೂ ಖುಷಿಯಿಂದ ಬಂದಿರುವುದಿಲ್ಲ.

ಮೊದಲು ಏಜೆನ್ಸಿ ವಿಚಾರ ಮುಗಿಸಿಬಿಡೋಣ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾನೂನಿನ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಗಾರ್ಡ್‌ಗಳನ್ನು ಪೂರೈಸುವಂತಿಲ್ಲ, ಹಾಗಾಗಿ ಆಫೀಸಿನ ಗೋಡೆಯ ಮೇಲೆ ಅದು ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ. ವಯಸ್ಸು 18ರಿಂದ 65ರ ಒಳಗಿರಬೇಕು, ಪೊಲೀಸ್ ವೆರಿಫಿಕೇಶನ್ ಆಗಬೇಕು. ಕೇಂದ್ರದ ಮಾದರಿ ನಿಯಮದಲ್ಲಿ 100 ಗಂಟೆ ಕ್ಲಾಸು, 60 ಗಂಟೆ ಫೀಲ್ಡ್ ತರಬೇತಿ ಅಂತಿದೆ, ಮಾಜಿ ಸೈನಿಕರಿಗೆ ಇದಕ್ಕಿಂತ ಕಡಿಮೆ. ಎಷ್ಟೋ ಕಡೆ ಇದು ಅರ್ಧ ದಿನದ ಭಾಷಣಕ್ಕೆ ಮುಗಿಯುತ್ತದೆ ಅನ್ನೋದು ನಮಗೆಲ್ಲ ಗೊತ್ತು. ಆದರೂ ಕೇಳಿ. ಸಂಬಳ ಖಾತೆಗೆ ಬರುತ್ತಾ, ಪಿಎಫ್ ನಂಬರ್ ಕೊಡ್ತಾರಾ, 12 ತಾಸಿನ ಡ್ಯೂಟಿಯಲ್ಲಿ ಮೇಲಿನ ತಾಸುಗಳಿಗೆ ಓಟಿ, ಅಂದರೆ ಓವರ್‌ಟೈಮ್ ದುಡ್ಡು ಎಷ್ಟು, ಯೂನಿಫಾರ್ಮ್ ದುಡ್ಡು ಯಾರದು, ಇದನ್ನೆಲ್ಲ ಸೇರುವ ದಿನವೇ ಬಾಯಿಬಿಟ್ಟು ಕೇಳಬೇಕು. ತಿಂಗಳ ಸಂಬಳ 21,000ದ ಒಳಗಿದ್ದರೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ ಬರುತ್ತದೆ. ನಿಮ್ಮ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಅಂದರೆ 14,000ಕ್ಕೆ 105 ರೂಪಾಯಿ ಕಟ್. ಆ 105ಕ್ಕೆ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ದಿನವಿಡೀ ದವಾಖಾನೆ ಗೇಟ್ ಕಾಯುವವನೇ ತನ್ನ ಮನೆಯವರ ಔಷಧಕ್ಕೆ ಸಾಲ ಮಾಡೋದು ಅಂದರೆ ಏನು ಹೇಳೋಣ.

ಡ್ಯೂಟಿ ಹಾಕಿದ ಮೊದಲ ದಿನ ಗೇಟಿಗೆ ಹೋಗುವ ಮೊದಲು ಇಡೀ ಕಟ್ಟಡ ತಿರುಗಿ ಬನ್ನಿ. ಸ್ಟ್ರೆಚರ್ ಹಿಡಿಸುವ ಲಿಫ್ಟ್ ಯಾವುದು, ಕರೆಂಟಿನ ಮೇನ್ ಎಲ್ಲಿದೆ, ಆಕ್ಸಿಜನ್ ಟ್ಯಾಂಕ್ ಯಾವ ಮೂಲೆಯಲ್ಲಿದೆ, ರಾತ್ರಿ ಡಾಕ್ಟರ್ ಎಲ್ಲಿ ಕೂರುತ್ತಾರೆ. ಆಮೇಲೆ ಒಂದು ಸಲ ರಾತ್ರಿ ಟಾರ್ಚ್ ಹಿಡಿದು ಅದೇ ದಾರಿ ನಡೆಯಿರಿ. ಫೈರ್ ಎಕ್ಸಿಟ್ ಬಾಗಿಲಿಗೆ ಬೀಗ ಇದ್ದರೆ ಅವತ್ತೇ ಸೂಪರ್‌ವೈಸರ್‌ಗೆ ಹೇಳಿ, ರಿಜಿಸ್ಟರಿನಲ್ಲೂ ಬರೆಯಿರಿ. ಕಳ್ಳತನ ಆಗುತ್ತೆ ಅಂತ ಬೀಗ ಹಾಕಿರುತ್ತಾರೆ, ಕೀಲಿ ಯಾರ ಹತ್ತಿರ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

2011ರ ಡಿಸೆಂಬರ್ 9ರಂದು ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಬಿದ್ದು ಸುಮಾರು 90 ಮಂದಿ ಸತ್ತರು. ಬೆಂಕಿ ಬಿದ್ದದ್ದು ಬೇಸ್‌ಮೆಂಟಿನಲ್ಲಿ, ಹೆಚ್ಚಿನವರು ಸತ್ತದ್ದು ಮೇಲಿನ ವಾರ್ಡುಗಳಿಗೆ ಹತ್ತಿದ ಹೊಗೆ ಕುಡಿದು. ಹೊಗೆ ನೋಡಿ ಓಡಿಬಂದ ಪಕ್ಕದ ಓಣಿಯ ಮಂದಿಯನ್ನು ಗೇಟಿನ ಗಾರ್ಡ್‌ಗಳು ವಾಪಸ್ ಕಳಿಸಿದರು ಅಂತ ಆಗ ವರದಿಯಾಗಿತ್ತು. ನಮ್ಮ ಕೆಲಸದವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಹೊಗೆ ಕಂಡರೆ ಮೊದಲು ಕೂಗು, ಅಲಾರಂ, 101ಕ್ಕೆ ಫೋನ್. ಸಣ್ಣದು, ನಾವೇ ಆರಿಸ್ತೀವಿ ಅನ್ನೋ ಮಾತು ಬೇಡ. ಬೆಂಕಿ ಆರಿಸುವ ಸಿಲಿಂಡರ್ ಬಳಸುವುದು ಸುಲಭ: ಪಿನ್ ಎಳೆಯಿರಿ, ಪೈಪನ್ನು ಬೆಂಕಿಯ ಬುಡಕ್ಕೆ ಹಿಡಿಯಿರಿ, ಹಿಡಿಕೆ ಅದುಮಿ ಎಡಕ್ಕೆ ಬಲಕ್ಕೆ ಆಡಿಸಿ. ಅದರ ಮೀಟರಿನ ಮುಳ್ಳು ಹಸಿರಿನಲ್ಲಿ ಇದೆಯಾ ಅಂತ ಆಗಾಗ ನೋಡಿ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಉರಿಯುವುದನ್ನೆಲ್ಲ ಭಗ್ಗನೆ ಉರಿಸುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡದಿಂದ ಭಂಡಾರ ತಂದು ಪೇಷಂಟ್ ಹಣೆಗೆ ಹಚ್ಚಲಿ, ಪಾಪ, ಯಾರಿಗೂ ತೊಂದರೆ ಇಲ್ಲ. ಹಾಸಿಗೆ ಪಕ್ಕ ಕರ್ಪೂರ, ಊದಿನಕಡ್ಡಿ ಹಚ್ಚಲು ಮಾತ್ರ ಬಿಡಬೇಡಿ.

ಎಂಆರ್‌ಐ ಸ್ಕ್ಯಾನ್ ರೂಮಿನ ವಿಷಯವೂ ಇಲ್ಲೇ ಹೇಳಿಬಿಡ್ತೀನಿ. ಆ ಮಷಿನ್ ನಡೆಯದೇ ಇದ್ದಾಗಲೂ ಅದರ ಅಯಸ್ಕಾಂತ ಚಾಲೂ ಇರುತ್ತದೆ. ಬೆಲ್ಟು, ಕೀಲಿಗೊಂಚಲು, ವಾಕಿಟಾಕಿ, ಲಾಠಿ ಇಟ್ಟುಕೊಂಡು ಒಳಗೆ ಕಾಲಿಡಬೇಡಿ, ಯಾರು ಕರೆದರೂ ಸರಿ. 2018ರಲ್ಲಿ ಮುಂಬೈಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಆ ರೂಮಿಗೆ ಹೋದ ಒಬ್ಬ ಸಂಬಂಧಿಕ ಸತ್ತೇ ಹೋದ.

ಈಗ ಕ್ಯಾಶುವಾಲ್ಟಿ ಗೇಟು. ಆಂಬ್ಯುಲೆನ್ಸ್ ನಿಲ್ಲುವ ಜಾಗ ಯಾವಾಗಲೂ ಖಾಲಿ ಇರಬೇಕು, ಡಾಕ್ಟರ ಕಾರಾದರೂ ಅಲ್ಲಿ ಬೇಡ. ಕಬ್ಬಿನ ಸೀಸನ್ ಶುರುವಾದರೆ ರಾತ್ರಿ ಟ್ರ್ಯಾಕ್ಟರ್ ಟ್ರಾಲಿಗೆ ಬೈಕ್ ಗುದ್ದಿದ ಕೇಸುಗಳು ಬರುತ್ತಲೇ ಇರುತ್ತವೆ. 108ರಲ್ಲೇ ಬರಬೇಕಂತಿಲ್ಲ. ಕ್ರೂಸರಿನಲ್ಲಿ ಮಲಗಿಸಿ ತರುತ್ತಾರೆ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡೂ ತರುತ್ತಾರೆ. ತಂದವರು ಗಾಬರಿಯಲ್ಲಿ ಕೈ ಕಾಲು ಹಿಡಿದು ಎಳೆಯಲು ನೋಡುತ್ತಾರೆ. ಅದನ್ನು ತಡೆಯಿರಿ. ಸ್ಟ್ರೆಚರ್ ಗಾಡಿಯ ಬಾಗಿಲಿಗೇ ಹಚ್ಚಿ, ಒಬ್ಬರು ತಲೆ ಮತ್ತು ಕುತ್ತಿಗೆ ಅಲುಗಾಡದಂತೆ ಹಿಡಿಯಲಿ, ಉಳಿದವರು ಒಟ್ಟಿಗೆ ಸರಿಸಲಿ. ಹೆಸರು, ಚೀಟಿ, ಆಧಾರ್, ಅಡ್ವಾನ್ಸ್ ಎಲ್ಲ ಆಮೇಲೆ. ಈ ಗೇಟಿನಲ್ಲಿ ನಿಂತು ದುಡ್ಡಿನ ಮಾತು ಆಡುವುದು ನಿಮ್ಮ ಕೆಲಸವೇ ಅಲ್ಲ.

ಹಾವು ಕಡಿದವರು ಬಂದರೆ ಜೊತೆಗೆ ಹಾವೂ ಬರುತ್ತದೆ! ಬಕೆಟ್ಟಿನಲ್ಲಿ, ಬರಣಿಯಲ್ಲಿ, ಗೊಬ್ಬರದ ಚೀಲದಲ್ಲಿ, ಸತ್ತದ್ದು, ಕೆಲವು ಸಲ ಜೀವ ಇರುವುದೇ. ತಂದ ತಮ್ಮ ಅದನ್ನು ಕೌಂಟರ್ ಮೇಲೆ ಇಟ್ಟು ಮುಚ್ಚಳ ತೆಗೆಯಲು ಹೋಗುತ್ತಾನೆ, ಡಾಕ್ಟರು ನೋಡಬೇಕಲ್ಲ ಅಂತ. ನೋಡಬೇಕಿಲ್ಲ. ನಮ್ಮಲ್ಲಿ ಕೊಡುವ ವಿಷಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಮೊಬೈಲಿನಲ್ಲಿ ಫೋಟೋ ಇದ್ದರೆ ಸಾಕು. ಬರಣಿಯನ್ನು ಮುಚ್ಚಿದ ಹಾಗೇ ಹೊರಗೆ, ಮಂದಿ ಓಡಾಡದ ಕಡೆ ಇಡಿಸಿ, ಜೀವ ಇದ್ದರೆ ಅರಣ್ಯ ಇಲಾಖೆಯವರಿಗೋ ಹಾವು ಹಿಡಿಯುವವರಿಗೋ ಹೇಳಿ. ಕಾಲಿಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಬಂದಿದ್ದರೆ ನೀವು ಬಿಚ್ಚಬೇಡಿ. ಒಮ್ಮೆಲೇ ಬಿಚ್ಚಿದರೆ ವಿಷ ಒಮ್ಮೆಲೇ ಏರಬಹುದು, ಅದು ಡಾಕ್ಟರ ಕೆಲಸ.

ಕ್ರಿಮಿನಾಶಕ ಕುಡಿದವರ ವಿಷಯದಲ್ಲಿ ಇದು ಉಲ್ಟಾ. ಅಲ್ಲಿ ಬಾಟಲಿ ಬೇಕೇ ಬೇಕು. "ಏನ ಕುಡದಾರ, ಯಾವಾಗ ಕುಡದಾರ, ಬಾಟ್ಲಿ ತಂದೀರೇನು?" ಇಷ್ಟು ಕೇಳಿ ಬಾಟಲಿಯನ್ನು ಸಿಸ್ಟರ್ ಕೈಗೆ ಮುಟ್ಟಿಸಿ. ಬಟ್ಟೆ ಮೇಲೆಲ್ಲ ಚೆಲ್ಲಿರುತ್ತದೆ, ಕೈಗೆ ಗ್ಲೌಸ್ ಇರಲಿ. ಮತ್ತೆ, ಯಾಕೆ ಕುಡಿದರು ಅಂತ ಗೇಟಿನಲ್ಲಿ ಯಾರನ್ನೂ ಕೇಳಬೇಡಿ.

ಪಾಸ್ ಮತ್ತು ಭೇಟಿಯ ಟೈಮು. ದಿನದ ಅರ್ಧ ತಲೆನೋವು ಇದೇ. ರಾಮದುರ್ಗದಿಂದ ಎರಡು ಬಸ್ ಬದಲಿಸಿ ಬಂದ ಅಜ್ಜಿ ರೊಟ್ಟಿ ಡಬ್ಬಿ ಹಿಡಿದು ನಿಂತಿರುತ್ತಾಳೆ, ಟೈಮು ಆಗಿಲ್ಲ. "ಬಿಡಲ್ಲ, ನಡೀರಿ" ಅಂದರೆ ಅವಳು ಅಳುತ್ತಾಳೆ, ಪಕ್ಕದವನು ಕೂಗುತ್ತಾನೆ, ಐದು ನಿಮಿಷದಲ್ಲಿ ಗುಂಪು. ಅದೇ, "ಯವ್ವಾ, ಡಾಕ್ಟರ್ ರೌಂಡ್ಸ್ ನಡದೈತಿ, ಅರ್ಧಾ ತಾಸ ಕುಂದ್ರು, ನಾನs ಬಂದ ಕರೀತೀನಿ" ಅಂದು ಹೇಳಿದ ಟೈಮಿಗೆ ಕರೆದರೆ ಅಲ್ಲಿಗೆ ಮುಗಿಯಿತು. ಕರೆಯಲೇಬೇಕು ಮತ್ತೆ, ಮರೆತರೆ ನಾಳೆ ನಿಮ್ಮ ಮಾತು ಯಾರೂ ನಂಬಲ್ಲ. ಬೆಳಗಾವಿಯಲ್ಲಿ ಮರಾಠಿ ನಾಲ್ಕು ಮಾತು ಬಂದರೆ ಅರ್ಧ ಕೆಲಸ ಹಗುರ. ಚಂದಗಡ, ಗಡಹಿಂಗ್ಲಜ ಕಡೆಯ ಮಂದಿಗೆ "ಕಾಕಾ, ಥೋಡಂ ಥಾಂಬಾ" ಅಂದರೆ ಅವರ ದನಿ ತಾನಾಗಿ ಇಳಿಯುತ್ತದೆ. ಭಾಷೆ ಜಗಳವನ್ನು ಮಾತ್ರ ಗೇಟಿನ ಹೊರಗೇ ಇಡಿ.

ನಾನು ನೋಡಿದ ಗಲಾಟೆಗಳಲ್ಲಿ ಜಾಸ್ತಿ ಶುರುವಾದದ್ದು ಬಿಲ್ಲಿಗೂ ಅಲ್ಲ, ಚಿಕಿತ್ಸೆಗೂ ಅಲ್ಲ. ತಾಸುಗಟ್ಟಲೆ ಹೊರಗೆ ಕಾಯುತ್ತಿದ್ದರೂ ಒಬ್ಬರೂ ಬಂದು ಒಂದು ಮಾತು ಹೇಳಲಿಲ್ಲ ಅನ್ನುವುದಕ್ಕೆ. ಹಾಗಾಗಿ ಐಸಿಯು ಹೊರಗೆ ಡ್ಯೂಟಿ ಇದ್ದರೆ ಬೆಂಚಿನ ಮೇಲಿನ ಮುಖಗಳನ್ನು ನೋಡುತ್ತಿರಿ. ಒಬ್ಬ ಎದ್ದು ಬಂದು ಮೂರನೇ ಸಲ ಅದೇ ಪ್ರಶ್ನೆ ಕೇಳಿದರೆ ನೀವೇ ಒಳಗೆ ಹೋಗಿ ಸಿಸ್ಟರಿಗೆ ಹೇಳಿ, "ಆ 12ನೇ ಬೆಡ್‌ನವರಿಗೆ ಒಂದು ಮಾತು ಹೇಳಿಬಿಡಿ ಮೇಡಂ." ಡಾಕ್ಟರು ಎರಡು ನಿಮಿಷ ಹೊರಗೆ ಬಂದರೆ ಆಗದ ಜಗಳ ಎಷ್ಟೋ. ಪೇಷಂಟ್ ಹೇಗಿದ್ದಾನೆ ಅಂತ ನೀವೇ ಹೇಳಲು ಹೋಗಬೇಡಿ, "ಆರಾಮ ಆಗ್ತಾನ" ಅನ್ನೋದೂ ಬೇಡ. ಯಾರು ಯಾವಾಗ ಬಂದು ಹೇಳ್ತಾರೆ ಅಂತಷ್ಟೇ ಹೇಳಿ.

ಇದನ್ನೂ ಮೀರಿ ಒಬ್ಬ ಹುಡುಗ ಮೂಲೆಗೆ ಹೋಗಿ ಫೋನಿನಲ್ಲಿ "ಎಲ್ಲಾರೂ ಬರ್ರಿ" ಅಂದದ್ದು ಕಿವಿಗೆ ಬಿತ್ತು ಅನ್ನಿ. ಆಗ ನಿಮ್ಮ ಕೈಯಲ್ಲಿ ಇರುವುದು ಆ ಕ್ರೂಸರ್ ಬಂದು ನಿಲ್ಲುವವರೆಗಿನ ಟೈಮು. ಸೂಪರ್‌ವೈಸರ್‌ಗೆ, ಡ್ಯೂಟಿ ಡಾಕ್ಟರಿಗೆ ತಿಳಿಸಿ, ಹೊರ ಗೇಟಿಗೆ ಇನ್ನೊಬ್ಬರನ್ನು ಹಾಕಿ, ಡಾಕ್ಟರು ಹೋಗಲು ಹಿಂದಿನ ದಾರಿ ತೆರೆದಿರಲಿ. ಮಂದಿ ಬಂದ ಮೇಲೆ ಎಲ್ಲರ ಜೊತೆ ವಾದ ಮಾಡಬೇಡಿ. ಅವರಲ್ಲೇ ಹಿರಿಯರೊಬ್ಬರನ್ನು ಹುಡುಕಿ. ಇದ್ದೇ ಇರುತ್ತಾರೆ, ಪಟಗ ಸುತ್ತಿದ ಕಾಕಾ ಒಬ್ಬರು, ಹುಡುಗರು ಕೂಗುವಾಗ ಹಿಂದೆ ಸುಮ್ನೆ ನಿಂತಿರುತ್ತಾರೆ. "ಕಾಕಾರ, ನೀವು ಇನ್ನೊಬ್ರು ಒಳಗ ಬರ್ರಿ, ಡಾಕ್ಟರ್ ಮಾತಾಡ್ತಾರ" ಅಂತ ಕರೆದುಕೊಂಡು ಹೋಗಿ ಕೂರಿಸಿ. ಹೊರಗಿನವರು ಅರ್ಧ ತಣ್ಣಗಾಗುತ್ತಾರೆ.

ಆಗದಿದ್ದರೆ 112ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಯಿರಿ. ಕೈ ಮಾಡಬೇಡಿ, ಲಾಠಿ ಎತ್ತಲೇಬೇಡಿ. ನೂರು ಮೊಬೈಲಿನಲ್ಲಿ ವಿಡಿಯೋ ಆಗುತ್ತಿರುತ್ತದೆ, ಅದರಲ್ಲಿ ಕಾಣುವುದು ನಿಮ್ಮ ಏಟು ಮಾತ್ರ. ವೈದ್ಯರು, ಸಿಬ್ಬಂದಿ ಮೇಲಿನ ಹಲ್ಲೆಗೆ ಕರ್ನಾಟಕದಲ್ಲಿ 2009ರ ಪ್ರತ್ಯೇಕ ಕಾನೂನೇ ಇದೆ, ಜಾಮೀನು ಸಿಗದ ಅಪರಾಧ ಅದು. ಒಡೆದ ಸಾಮಾನಿಗೆ ಎರಡು ಪಟ್ಟು ದುಡ್ಡು ಕಟ್ಟಬೇಕು. ಇದನ್ನು ಬೆದರಿಕೆಯ ದನಿಯಲ್ಲಿ ಹೇಳಬೇಡಿ, ಬೋರ್ಡ್ ತೋರಿಸಿ ಸಾಕು. ಕಣ್ಣೆದುರೇ ಇಂಥ ಅಪರಾಧ ಮಾಡಿದವನನ್ನು ಹಿಡಿದಿಡಲು ಸಾಮಾನ್ಯ ಮನುಷ್ಯನಿಗೂ ಹಕ್ಕಿದೆ, ಆದರೆ 2024ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ (ಬಿಎನ್‌ಎಸ್‌ಎಸ್) ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಸೆಕ್ಯುರಿಟಿ ರೂಮಿನಲ್ಲಿ ಕೂಡಿಹಾಕಿ ವಿಚಾರಣೆ ಮಾಡುವ ಹಕ್ಕು ನಮಗಿಲ್ಲ. ಹೆಂಗಸರನ್ನು ತಪಾಸಣೆ ಮಾಡಬೇಕಾದರೆ ಲೇಡಿ ಗಾರ್ಡೇ ಮಾಡಬೇಕು.

ಸಾವಿನ ಹೊತ್ತಿನಲ್ಲಿ ಗೇಟಿನವರಿಗೆ ಬಹಳ ಬೈಗುಳ ಬೀಳುತ್ತವೆ. ಎರಡು ಸಂಗತಿ ಬೇರೆ ಬೇರೆ ಇಟ್ಟುಕೊಳ್ಳಿ. ಬಿಲ್ ಬಾಕಿ ಇದೆ ಅಂತ ಹೆಣ ತಡೆಯುವಂತಿಲ್ಲ, ಖಾಸಗಿ ಆಸ್ಪತ್ರೆಗಳ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿ ಅದನ್ನೇ ಹೇಳುತ್ತದೆ. ಅಕೌಂಟ್ಸಿನವರು ನಿಮ್ಮನ್ನು ಅಡ್ಡ ನಿಲ್ಲಿಸಲು ನೋಡಿದರೆ, "ಸರ್, ಬರೆದು ಕೊಡಿ" ಅನ್ನಿ. ಯಾರೂ ಬರೆದು ಕೊಡಲ್ಲ. ಆದರೆ ಅಪಘಾತ, ವಿಷ, ಸುಟ್ಟ ಗಾಯ, ಹೊಡೆದಾಟ, ಅಂದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಲೇಬೇಕಾದ) ಕೇಸಾಗಿದ್ದರೆ ಪೊಲೀಸರ ಪತ್ರ ಇಲ್ಲದೆ ಹೆಣ ಹೊರಗೆ ಹೋಗಬಾರದು, ಎಂಥ ದೊಡ್ಡವರ ಫೋನ್ ಬಂದರೂ.

ಬಾಣಂತಿ ವಾರ್ಡಿನ ಬಾಗಿಲಲ್ಲಿ ಒಂದೇ ಒಂದು ನಿಯಮ: ಕೂಸು ಹೊರಗೆ ಹೋಗಬೇಕಾದರೆ ಡಿಸ್ಚಾರ್ಜ್ ಚೀಟಿ ಇರಬೇಕು, ತಾಯಿಯ ಕೈಯ ಟ್ಯಾಗೂ ಕೂಸಿನ ಟ್ಯಾಗೂ ಒಂದೇ ಇರಬೇಕು. "ನಾನು ಸೋದರತ್ತಿ, ಬಿಸಿಲಿಗೆ ಹಿಡಿದು ತರ್ತೀನಿ" ಅಂದರೂ ಇಲ್ಲ. ಬ್ಯಾಗ್ ದೊಡ್ಡದಿದ್ದರೆ ತೆಗೆದು ನೋಡಿ. ಕೂಸು ಕಂಡ ಖುಷಿಗೆ ಕೈಗೆ ದುಡ್ಡು ತುರುಕುತ್ತಾರೆ, ಪೇಡೆ ತಗೊಳ್ಳಿ, ದುಡ್ಡು ಬೇಡ. ಇಲ್ಲಿ ನೂರು ರೂಪಾಯಿ ತಗೊಂಡವನು ನಾಳೆ ಚೀಟಿ ಕೇಳುವ ಬಾಯಿ ಕಳೆದುಕೊಳ್ಳುತ್ತಾನೆ.

ರಾತ್ರಿ ಕಾರಿಡಾರಿನಲ್ಲಿ ಕೌದಿ ಹೊದ್ದು ಮಲಗಿದವರ ಮೊಬೈಲ್ ಚಾರ್ಜಿಂಗ್ ಪಾಯಿಂಟಿನಿಂದಲೇ ಕದ್ದುಹೋಗುತ್ತದೆ. ಯಾವ ವಾರ್ಡಿಗೂ ಸೇರದೆ ತಿರುಗುವವನನ್ನು "ಯಾರ ಕಡೆ ಬಂದೀರಿ ಅಣ್ಣಾರ?" ಅಂತ ಮಾತಾಡಿಸಿ, ಕಳ್ಳನಾದರೆ ಅಷ್ಟಕ್ಕೇ ಜಾಗ ಖಾಲಿ ಮಾಡುತ್ತಾನೆ. ಬೇರೆ ದವಾಖಾನೆಗೆ ಪೇಷಂಟ್ ಎಳೆದೊಯ್ಯುವ ಏಜೆಂಟರೂ ಹೀಗೇ ತಿರುಗುತ್ತಾರೆ.

ನಿಮ್ಮ ಮೈ ಕಡೆಗೂ ನೋಡಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಇದೆ, ನರ್ಸ್‌ಗಳಿಗೆ ಹಾಕಿ ನಮ್ಮನ್ನು ಬಿಡುತ್ತಾರೆ, ಕೇಳಿ ಹಾಕಿಸಿಕೊಳ್ಳಿ. ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ತಕ್ಷಣ ಕ್ಯಾಶುವಾಲ್ಟಿಗೆ ಹೋಗಿ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಏನೇ ಆಗಲಿ, ರಿಜಿಸ್ಟರಿನಲ್ಲಿ ಟೈಮು ಹಾಕಿ ಬರೆಯಿರಿ. ಯಾರು ಬಂದರು, ಯಾರಿಗೆ ಹೇಳಿದಿರಿ, ಪೊಲೀಸರಿಗೆ ಫೋನ್ ಮಾಡಿದ್ದು ಎಷ್ಟಕ್ಕೆ. ನಾಳೆ ಸ್ಟೇಷನ್ನಿನಲ್ಲಿ ಕೇಳುವುದು ಇದನ್ನೇ. ರಿಲೀವರ್, ಅಂದರೆ ಮುಂದಿನ ಡ್ಯೂಟಿಯವನು ಬರದೆ ಗೇಟ್ ಬಿಡಬೇಡಿ, ಬಂದ ಮೇಲೆ ಕೀಲಿ ಎಣಿಸಿ ಕೊಟ್ಟು ಸಹಿ ತಗೊಳ್ಳಿ. ಅವನು ತಡವಾಗಿ ಬಂದರೆ ಆ ಟೈಮನ್ನೂ ಬರೆದಿಡಿ, ತಿಂಗಳ ಕೊನೆಗೆ ಓಟಿ ಲೆಕ್ಕ ಹಾಕುವಾಗ ಬೇಕಾಗುತ್ತದೆ.