ಒಂದೇ ಮರ, ಎರಡು ದೂರ: ಸ್ಟೀರಿಯೋ ಕ್ಯಾಮೆರಾ ಸರಿಮಾಡಿದ್ದು

ಸಿದ್ದಾಪುರದ ಹತ್ತಿರದ ಕಾಫಿ ತೋಟದಲ್ಲಿ ಎರಡು ವೆಬ್‌ಕ್ಯಾಮ್‌ಗಳನ್ನು 12 ಸೆಂ.ಮೀ. ಅಂತರದಲ್ಲಿ ಕೂರಿಸಿ, ಓಪನ್‌ಸಿವಿಯಲ್ಲಿ (ಚಿತ್ರಗಳನ್ನು ವಿಶ್ಲೇಷಿಸುವ ಸಾಫ್ಟ್‌ವೇರ್ ಲೈಬ್ರರಿ) ಮರಗಳ ದೂರ ಅಳೆಯುತ್ತಿದ್ದೆ. ಟೇಪು ಹಿಡಿದರೆ 4 ಮೀಟರ್ ಇರುವ ಸಿಲ್ವರ್ ಓಕ್ ಒಮ್ಮೆ 4, ಇನ್ನೊಮ್ಮೆ 4.8 ತೋರಿಸುತ್ತಿತ್ತು.

ಬ್ಲಾಕ್ ಸೈಜ್ (ಎರಡು ಚಿತ್ರ ಹೋಲಿಸುವ ಚೌಕದ ಅಳತೆ) ಬದಲಿಸಿದೆ, ಫಿಲ್ಟರ್ ಹಾಕಿದೆ, ಚೆಸ್‌ಬೋರ್ಡ್ ಹಿಡಿದು ಮೂರು ಸಲ ಕ್ಯಾಲಿಬ್ರೇಟ್ ಮಾಡಿದೆ (ಎರಡೂ ಕ್ಯಾಮೆರಾಗಳ ಲೆನ್ಸ್, ಸ್ಥಾನದ ಲೆಕ್ಕ ತೆಗೆಯುವುದು). ಸಂಜೆಗೆ ಮತ್ತೆ ಅದೇ ಕಥೆ. ಮಂಜಿನ ಮೇಲೂ ಸುಮ್ನೆ ಅನುಮಾನಪಟ್ಟೆ.

ಕಾರಣ ಆಟೋಫೋಕಸ್. ಮುಂದೆ ಮೆಣಸಿನ ಬಳ್ಳಿ ಅಲ್ಲಾಡಿದರೆ ಒಂದು ಕ್ಯಾಮೆರಾ ಅದಕ್ಕೆ ಫೋಕಸ್ ಮಾಡುತ್ತಿತ್ತು, ಹಿಂದಿನ ಮರ ಮಸುಕು. ಲೆನ್ಸ್ ಸರಿದರೆ ಚಿತ್ರವೂ ಚೂರು ಸರಿಯುತ್ತದೆ. ನನ್ನ ಫೋಕಲ್ ಲೆಂತ್ 800 ಪಿಕ್ಸೆಲ್. 4 ಮೀಟರ್‌ಗೆ ಡಿಸ್ಪ್ಯಾರಿಟಿ, ಅಂದರೆ ಎರಡು ಚಿತ್ರಗಳಲ್ಲಿ ಅದೇ ಮರದ ಜಾಗದ ವ್ಯತ್ಯಾಸ, 24 ಪಿಕ್ಸೆಲ್ ಬರಬೇಕು (800 × 0.12 ÷ 4). ಅದು 20ಕ್ಕೆ ಇಳಿದರೆ ಸಾಕು, 4.8 ಮೀಟರ್!

ಕ್ರಮ ತಪ್ಪಬಾರದು. ಮೊದಲು ಎರಡರಲ್ಲೂ ಆಟೋಫೋಕಸ್ 0 (ಆಫ್) ಮಾಡಿ, 3-4 ಮೀಟರ್ ಸ್ಪಷ್ಟ ಕಾಣುವಂತೆ ಫೋಕಸ್ ನಾವೇ ಕೂರಿಸಬೇಕು. ಕ್ಯಾಮೆರಾ ತೆರೆದಾಗಲೆಲ್ಲ ಅದೇ ಫೋಕಸ್ ನಂಬರ್ ಮತ್ತೆ ಕೊಡಿ, ಕೆಲವು ಕ್ಯಾಮೆರಾ ಮರೆತುಬಿಡುತ್ತವೆ. ಆಮೇಲೆ ಕ್ಯಾಲಿಬ್ರೇಶನ್: 30 ಜೋಡಿ ಫೋಟೋ, ಬೋರ್ಡು ಚಿತ್ರದ ಮೂಲೆಗಳಿಗೂ ಹೋಗಲಿ. ನಂತರ ರೆಕ್ಟಿಫೈ, ಅಂದರೆ ಎರಡು ಚಿತ್ರಗಳ ಸಾಲುಗಳನ್ನು ಒಂದೇ ಮಟ್ಟಕ್ಕೆ ತರುವುದು. ಎಸ್‌ಜಿಬಿಎಂನಲ್ಲಿ (ಡಿಸ್ಪ್ಯಾರಿಟಿ ಹುಡುಕುವ ಓಪನ್‌ಸಿವಿ ವಿಧಾನ) ನಮ್‌ಡಿಸ್ಪ್ಯಾರಿಟೀಸ್ (ಎಷ್ಟು ಪಿಕ್ಸೆಲ್‌ವರೆಗೆ ಹುಡುಕಬೇಕು ಅನ್ನುವುದು) 128, ಬ್ಲಾಕ್ ಸೈಜ್ 5. ಬಂದ ಉತ್ತರವನ್ನು 16ರಿಂದ ಭಾಗಿಸಿ, ಅದು 16 ಪಟ್ಟು ಜಾಸ್ತಿ ಇರುತ್ತದೆ.

ಈಗ ಅದೇ ಮರ 3.9ರಿಂದ 4.1ರ ಒಳಗೇ ನಿಲ್ಲುತ್ತಿದೆ.