ಸ್ಟೀಲ್ ಕೇಸಿಗೆ ನಾಲ್ಕು ಸಲ ಮದ್ದು ತುಂಬಿದೆ: ನನ್ನ ಅನುಭವ

ಮೊನ್ನೆ ಶನಿವಾರ ನನ್ನ ಸ್ಟೀಲ್ ಕೇಸುಗಳಲ್ಲಿ, ಅಂದರೆ ಹೊಡೆದ ಮೇಲೆ ಉಳಿಯುವ ತೋಟಾದ ಖಾಲಿ ಚಿಪ್ಪುಗಳಲ್ಲಿ, ನಾಲ್ಕನೇ ಸಲ ತುಂಬಿದ ತೋಟಾ ಹೊಡೆದೆ. ಸಾಮಾನ್ಯವಾಗಿ ಜನ ಮತ್ತೆ ತುಂಬುವುದು ಹಿತ್ತಾಳೆ ಕೇಸನ್ನು. ಒಂದೂ ಸಿಕ್ಕಿಕೊಳ್ಳಲಿಲ್ಲ. "ಅದೆಲ್ಲ ಆಗೋದಲ್ಲ ಮಾರಾಯ, ಸುಮ್ನೆ ಡೈ ಹಾಳು ಮಾಡ್ಕೋತೀಯ" ಅಂತ ಎರಡು ವರ್ಷ ನಕ್ಕಿದ್ದ ಗೆಳೆಯ ಪಕ್ಕದಲ್ಲೇ ನಿಂತಿದ್ದ. (ಡೈ ಅಂದರೆ ಹೊಡೆದು ಹಿಗ್ಗಿದ ಕೇಸನ್ನು ಅಮುಕಿ ಮತ್ತೆ ಅಳತೆಗೆ ತರುವ ಅಚ್ಚು.) ಅದಕ್ಕೇ ಇದನ್ನು ಬರೆಯುವ ಹುಮ್ಮಸ್ಸು ಬಂತು.

ನಾನಿರುವುದು ಹ್ಯೂಸ್ಟನ್ ಹತ್ತಿರ. ಇಲ್ಲಿ ಸ್ವಂತಕ್ಕೆ ತೋಟಾ ತುಂಬಿಕೊಳ್ಳಲು ಲೈಸೆನ್ಸ್ ಬೇಡ. ಕೊಪ್ಪದ ಮನೆಯಲ್ಲಿ ಅಪ್ಪನದೊಂದು ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ ಇದೆ. ಅಲ್ಲಿ ಈ ಪ್ರಯೋಗ ಬೇಡ, ಕೇಸು ಬೀಳುತ್ತದೆ. ಆ ಕೇಸೇ ಬೇರೆ.

ಶುರುವಾಗಿದ್ದು 2021ರ ತೋಟಾ ಬರಗಾಲದಲ್ಲಿ. ಮದ್ದಿಗೆ ಕಿಡಿ ಹೊತ್ತಿಸುವ, ಮೂರು ನಾಲ್ಕು ಸೆಂಟಿನ ಪ್ರೈಮರ್ ಹನ್ನೆರಡು ಸೆಂಟಿಗೆ ಹೋಗಿತ್ತು. ಅಂಗಡಿಯ .45 ಎಸಿಪಿ ಪಿಸ್ತೂಲು ತೋಟಾ ಒಂದಕ್ಕೆ ಎಂಬತ್ತು ಸೆಂಟ್ ಕೊಟ್ಟ ನೆನಪು. ಅದೇ ಆಗಸ್ಟ್‌ನಲ್ಲಿ ರಷ್ಯಾದ ತೋಟಾ ಆಮದಿನ ಮೇಲೆ ಅಮೆರಿಕ ನಿರ್ಬಂಧ ಹಾಕಿತು. ಅಗ್ಗದ ಸ್ಟೀಲ್ ಮಾಲು ಹೆಚ್ಚಾಗಿ ಬರುತ್ತಿದ್ದುದೇ ಅಲ್ಲಿಂದ. ಗುಂಡು ಹೊಡೆಯುವ ರೇಂಜ್‌ನಲ್ಲಿ ಹಿತ್ತಾಳೆ ಕೇಸು ನೆಲ ಮುಟ್ಟುವ ಮೊದಲೇ ಹೆಕ್ಕುವ ಜನ. ಸ್ಟೀಲ್ ಮಾತ್ರ ಯಾರಿಗೂ ಬೇಡದೆ ಹುಲ್ಲಲ್ಲಿ ಬಿದ್ದಿರುತ್ತಿತ್ತು. ಹಳೇ ಸ್ಪೀಕರಿನ ಆಯಸ್ಕಾಂತವನ್ನು ಪೊರಕೆ ಕೋಲಿಗೆ ಕಟ್ಟಿಕೊಂಡು ಹೋದೆ. ಅರ್ಧ ಗಂಟೆಗೆ ಒಂದು ಬಕೆಟ್. ಬಗ್ಗುವ ಕೆಲಸವೂ ಇಲ್ಲ.

ಮೊದಲ ಪೆಟ್ಟು ಬಿದ್ದದ್ದು ಹಳೇ ಪ್ರೈಮರನ್ನು ಹೊರಗೆ ತಳ್ಳುವ ಪಿನ್ನಿಗೆ. ಬಕೆಟ್ಟಿನಲ್ಲಿ ಹತ್ತಕ್ಕೆ ಆರೇಳು ಬರ್ಡನ್ ಬಗೆಯವು, ಪ್ರೈಮರಿನ ಜಾಗದಲ್ಲಿ ಎರಡು ಸಣ್ಣ ತೂತು. ಪಿನ್ ಇಳಿಯುವುದು ನಡುವೆ ಒಂದೇ ತೂತಿರುವ ಬಾಕ್ಸರ್ ಬಗೆಯಲ್ಲಿ ಮಾತ್ರ. ಟಾರ್ಚ್ ಹಾಕಿ ನೋಡದೆ ಪ್ರೈಮರ್ ತೆಗೆಯಲು ಹೋಗಿ ಒಂದೇ ಸಂಜೆ ಮೂರು ಪಿನ್ ಮುರಿದೆ. ತಮಾಷೆ ಏನು ಗೊತ್ತಾ? ಇವನ್ನು ಕಂಡುಹಿಡಿದವರಲ್ಲಿ ಬರ್ಡನ್ ಅಮೆರಿಕದವನು, ಬಾಕ್ಸರ್ ಇಂಗ್ಲೆಂಡಿನವನು. ಅಮೆರಿಕದಲ್ಲಿ ನಡೆಯುವುದು ಬಾಕ್ಸರಿನದು, ಯುರೋಪ್ ಹಿಡಿದುಕೊಂಡದ್ದು ಬರ್ಡನ್ನಿನದು. ಕೊನೆಗೆ ಒಂದೇ ತೂತಿನವನ್ನು ಮಾತ್ರ ಆರಿಸಿದೆ. ಮುನ್ನೂರು ಚಿಲ್ಲರೆ ಉಳಿದವು.

ಎರಡನೇ ತಪ್ಪಿಗೆ ಈಗಲೂ ನಾಚಿಕೆಯಾಗುತ್ತದೆ. ಹಿತ್ತಾಳೆಯ ಹಾಗೆ ನೀರು, ಸೋಪು, ಸಣ್ಣ ಸ್ಟೀಲ್ ಕಡ್ಡಿ ಹಾಕಿ ಕೇಸು ತೊಳೆಯುವ ಟಂಬ್ಲರ್ ಯಂತ್ರದಲ್ಲಿ ತಿರುಗಿಸಿದೆ. ಮೇಲಿನ ಲೇಪ ಕಿತ್ತು ಹೋಯಿತು. ಬೆಳ್ಳಿ ಲೋಟದ ಹಾಗೆ ಹೊಳೆಯುತ್ತಿದ್ದವು ಅಂತ ಫೋಟೊ ಬೇರೆ ತೆಗೆದೆ. ಬೆಳಗ್ಗೆ ಗರಾಜಿಗೆ ಹೋದರೆ ಎಲ್ಲವೂ ಕೆಂಪು. ಮುಟ್ಟಿದರೆ ಬೆರಳಿಗೆ ಕುಂಕುಮ ಹಚ್ಚಿದ ಹಾಗೆ. ಸುಮಾರು ತೊಂಬತ್ತು ಕೇಸು ಕಸಕ್ಕೆ. ಈಗ ನೀರು ಸೋಕಿಸುವುದಿಲ್ಲ. ವಾಲ್‌ನಟ್ ಸಿಪ್ಪೆಯ ಪುಡಿಗೆ ಒಂದು ಚಮಚ ಕಾರಿನ ವ್ಯಾಕ್ಸ್ ಸೇರಿಸಿ ತಿರುಗಿಸುತ್ತೇನೆ. ಅನುಮಾನಕ್ಕೆ ಅಂತ ಲೇಪ ಹೋದ ಕೇಸು, ವ್ಯಾಕ್ಸ್ ಹಚ್ಚಿದ್ದು, ಲೇಪ ಇದ್ದದ್ದು ಮೂರನ್ನೂ ಅಡುಗೆಮನೆ ಕಿಟಕಿಯಲ್ಲಿ ಹದಿನೈದು ದಿನ ಇಟ್ಟೆ. ಮೊದಲನೆಯದು ಮೂರೇ ದಿನಕ್ಕೆ ಹೋಯಿತು. ನಾಲ್ಕನೆಯದೂ ಒಂದಿತ್ತು, ಕೊಬ್ಬರಿ ಎಣ್ಣೆ ಸವರಿದ್ದು. ಅದನ್ನು ಹೆಂಡತಿ ಎಸೆದಳು.

ಡೈ ಹಾಳಾಗುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ. ಬಲು ಗಟ್ಟಿಯಾದ ಕಾರ್ಬೈಡ್ ಡೈ ಮುಂದೆ ಈ ಮೆದು ಸ್ಟೀಲ್ ಏನು ಮಹಾ? ಆದರೂ ಕೇಸು ಜಾರಲಿ ಅಂತ ಸ್ವಲ್ಪ ಲ್ಯೂಬ್ ಹಾಕುತ್ತೇನೆ, ಹ್ಯಾಂಡಲ್ ಎಳೆಯಲು ರಟ್ಟೆಗೆ ಹಗುರ. ಇಷ್ಟು ಸಲ ಎಳೆದರೂ ಡೈಯಲ್ಲಿ ಒಂದು ಗೀರಿಲ್ಲ.

ನಿಜವಾದ ತಲೆನೋವು ಕೇಸಿನ ಬಾಯಿಯ ಹಿಡಿತ. ಹಿತ್ತಾಳೆ ಹಿಗ್ಗಿಸಿದರೆ ವಾಪಸ್ ಚಿಮ್ಮಿ ಬುಲೆಟ್ಟನ್ನು ಹಿಡಿದುಕೊಳ್ಳುತ್ತದೆ. ಸ್ಟೀಲ್ ಅಷ್ಟು ಚಿಮ್ಮುವುದಿಲ್ಲ, ಹಿಗ್ಗಿಸಿದರೆ ಹಿಗ್ಗಿಯೇ ಇರುತ್ತದೆ. ಮೊದಲ ಇಪ್ಪತ್ತು ತೋಟಾಗಳನ್ನು ಬೆಂಚಿನ ಅಂಚಿಗೆ ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಬುಲೆಟ್ ಸರ್ರನೆ ಒಳಗೆ! ಕ್ಯಾಲಿಪರಿನಲ್ಲಿ ಅಳೆದರೆ ತೋಟಾದ ಉದ್ದ ಮೂವತ್ತು ಥೌ (ಇಂಚಿನ ಸಾವಿರದಲ್ಲಿ ಮೂವತ್ತು ಭಾಗ) ಕಮ್ಮಿ. ಅದನ್ನು ಹಾಗೇ ಹೊಡೆದಿದ್ದರೆ ಒಳಗೆ ಜಾಗ ಕಮ್ಮಿಯಾಗಿ ಪ್ರೆಷರ್ ಎಲ್ಲಿಗೆ ಹೋಗುತ್ತಿತ್ತೋ. ಇಪ್ಪತ್ತನ್ನೂ ಸುತ್ತಿಗೆ ಪುಲ್ಲರಿನಲ್ಲಿ ಬಿಚ್ಚಿದೆ, ರಾತ್ರಿ ಒಂದು ಗಂಟೆಯಾಯಿತು.

ಪರಿಹಾರ ಕೇಸನ್ನು ಮಾಮೂಲಿಗಿಂತ ಕಿರಿದಾಗಿ ಅಮುಕುವ ಅಂಡರ್‌ಸೈಜ್ ಡೈ, ಅದಕ್ಕೆ ನಲವತ್ತು ಡಾಲರ್ ಹತ್ತಿರ ಬಿತ್ತು. ಜೊತೆಗೆ ಬಾಯಿ ಹಿಗ್ಗಿಸುವ ಎಕ್ಸ್‌ಪಾಂಡರನ್ನು ಡ್ರಿಲ್ಲಿಗೆ ಸಿಕ್ಕಿಸಿ ಮರಳು ಕಾಗದದಲ್ಲಿ ತೆಳ್ಳಗೆ ಮಾಡಿದೆ. ಎಷ್ಟು ತೆಳ್ಳಗೆ ಅಂತ ಕೇಳಬೇಡಿ, ಅದಕ್ಕೆ ಎರಡು ಎಕ್ಸ್‌ಪಾಂಡರ್ ಬಲಿ ಕೊಟ್ಟಿದ್ದೇನೆ. ಬುಲೆಟ್ ಕೂರಿಸಿದ ಮೇಲೆ ಬಾಯಿ ಒತ್ತುವ ಟೇಪರ್ ಕ್ರಿಂಪ್ ಕೊನೆಗೆ, ಬೇರೆಯಾಗಿ. ಮದ್ದಿನ ಅಳತೆಯನ್ನೂ ಬರೆಯುವುದಿಲ್ಲ. ಕಂಪನಿಯ ಪುಸ್ತಕದಲ್ಲಿರುವ ಕನಿಷ್ಠದಿಂದ ಶುರು ಮಾಡಿ, ಮೇಲೇರುವ ಆಸೆ ಬೇಡ. .45 ಆರಿಸಿದ್ದೇ ಅದಕ್ಕೆ. ಅದರ ಗರಿಷ್ಠ ಪ್ರೆಷರ್ 21,000 ಪಿಎಸ್ಐ (ಚದರ ಇಂಚಿಗೆ ಪೌಂಡ್), 9 ಎಂಎಂನದು 35,000.

ಇದರ ಮಧ್ಯೆ ರೇಂಜಿನ ಒಬ್ಬ ಅಜ್ಜ, "ನಮ್ಮ ಅಪ್ಪನ ಕಾಲದಲ್ಲೇ ಸ್ಟೀಲ್ ಇತ್ತು" ಅಂತ ಒಂದು ಹಿಡಿ ಖಾಲಿ ಕೇಸು ಕೊಟ್ಟರು. ಹಿಂಭಾಗದಲ್ಲಿ 'ಇ ಸಿ ಎಸ್ 43' ಅಂತ ಮುದ್ರೆ. ಎರಡನೇ ಮಹಾಯುದ್ಧದಲ್ಲಿ ಹಿತ್ತಾಳೆಗೆ ಬೇಕಾದ ತಾಮ್ರ ಸಾಲದೆ ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ ಕ್ರೈಸ್ಲರ್ ಕಾರಿನ ಕಂಪನಿ ಸ್ಟೀಲಿನಲ್ಲಿ ಕೋಟಿಗಟ್ಟಲೆ .45 ಮಾಡಿತ್ತು. ಅದೇ 1943ರಲ್ಲಿ ಇಲ್ಲಿನ ಒಂದು ಸೆಂಟ್ ನಾಣ್ಯವೂ ಸ್ಟೀಲೇ. ಐದು ಕೇಸು ತುಂಬಿ ಹೊಡೆದೆ, ಎರಡರ ಬಾಯಿ ಸೀಳಿತು. ಉಳಿದವು ಶೋಕೇಸಿನಲ್ಲಿವೆ.

ಲೆಕ್ಕಕ್ಕೆ ಬರೋಣ. ನಾಲ್ಕು ಸುತ್ತಿನಲ್ಲಿ ಬಾಯಿ ಸೀಳಿ ಹೋದದ್ದು ನಲವತ್ತರ ಆಸುಪಾಸು. ಬುಲೆಟ್ಟು, ಪ್ರೈಮರು, ಮದ್ದು ಸೇರಿ ಒಂದಕ್ಕೆ ಮೂವತ್ತು ಸೆಂಟ್ ಬೀಳುತ್ತದೆ. ಹಿತ್ತಾಳೆಯಲ್ಲೂ ಅಷ್ಟೇ ಬೀಳುತ್ತದೆ, ಕೇಸು ಬಿಟ್ಟಿ ಸಿಕ್ಕರೆ. ಮುರಿದ ಪಿನ್ನು, ಡೈ, ಎಕ್ಸ್‌ಪಾಂಡರ್ ಸೇರಿಸಿದರೆ ನೂರು ಡಾಲರ್ ಮೇಲೆ ಹೋಗಿದೆ. ಲಾಭವಾಯಿತು ಅಂತ ಮನೆಯಲ್ಲಿ ಮಾತ್ರ ಹೇಳುತ್ತೇನೆ. ಆದರೆ ಒಮ್ಮೆ ಹೊಡೆದು ನೆಲದಲ್ಲೇ ಬಿಟ್ಟು ಬರಬೇಕಾದ ಪಂದ್ಯಗಳಿಗೆ ಇದಕ್ಕಿಂತ ಒಳ್ಳೇ ಕೇಸಿಲ್ಲ, ಹೋದರೆ ಹೋಗಲಿ ಅನ್ನಬಹುದು.

ಶನಿವಾರ ಹೊರಡುವಾಗ ಗೆಳೆಯ, "ಆ ಕೋಲು ಒಂದ್ಸಲ ಕೊಡೋ, ನೋಡ್ತೀನಿ" ಅಂದ. ಇನ್ನೂ ವಾಪಸ್ ಬಂದಿಲ್ಲ.